ಹದಿನಾಲ್ಕನೇ ಫೋನ್ ನಂಬರ್

ನವೆಂಬರ್ 9, ಬುಧವಾರ. ಬೆಳಿಗ್ಗೆ 6.10

ಕೊಟ್ಟ ಮಾತು, ಕೊಡದೆ ಹೋದದ್ದು. ಬರೆದಿಡುತ್ತೇನೆ. ಬರೆಯದಿದ್ದರೆ ನಾಳೆ ಅವರೇ ಬೇರೆ ಥರ ಹೇಳುತ್ತಾರೆ.

ಅಪ್ಪನಿಗೆ ಗಣಿ ಕಂಪನಿ ಕೊಟ್ಟ ಮಾತು: ಕಲ್ಲಿದ್ದಲು ಇರುವವರೆಗೆ ಕೆಲಸ. ಉಸಿರು ಇರುವವರೆಗೆ ಆಸ್ಪತ್ರೆ ಕಾರ್ಡು. ಎದೆಗೆ ಧೂಳು ಕೂತರೆ ಪರಿಹಾರ.

ಸಿಕ್ಕಿದ್ದು: ಹತ್ತೊಂಬತ್ತು ವರ್ಷ ಕೆಲಸ. ಕಂಪನಿ ದಿವಾಳಿ ಎಂದ ದಿನವೇ ಕಾರ್ಡು ರದ್ದು. ಆರು ತಿಂಗಳಿಗೆ ಅದೇ ಕಂಪನಿ ಬೇರೆ ಹೆಸರಲ್ಲಿ ಬಾಗಿಲು ತೆರೆಯಿತು, ಅದೇ ಲಾರಿಗಳಿಗೆ ಹೊಸ ಬಣ್ಣ. ಪರಿಹಾರದ ಅರ್ಜಿ ಮೂರು ಸಲ ವಾಪಸ್. ಕಾರಣ: ಧೂಮಪಾನಿ. ಅಪ್ಪ ಜೀವಮಾನದಲ್ಲಿ ಸಿಗರೇಟು ಹಚ್ಚಿದವನಲ್ಲ. ಗಣಿಯೊಳಗೆ ಕಡ್ಡಿ ಗೀರಿದರೆ ಎಲ್ಲರೂ ಹೋಗುತ್ತಾರೆ, ಅದಕ್ಕೇ ನಮ್ಮವರು ಹೊಗೆಸೊಪ್ಪು ಜಗಿಯುವುದು. ತಂಬಾಕು ಇದೆಯಾ ಅಂತ ಕಂಪನಿ ಕ್ಲಿನಿಕ್ಕಿನಲ್ಲಿ ಕೇಳಿದರು. ಇದೆ ಅಂದ, ಸುಳ್ಳು ಹೇಳಲು ಬಾರದವನು. ಕಾಗದದಲ್ಲಿ ಇದ್ದದ್ದು ಒಂದೇ ಚೌಕ: ತಂಬಾಕು ಅಂದರೆ ಧೂಮಪಾನಿ.

ನನಗೆ: ಎರಡು ಆಸ್ಟಿಯೋಪಥಿ ಕಾಲೇಜು, ಎರಡರಲ್ಲೂ ಸೀಟು. ಡಿ.ಓ. ಆಗಬಹುದು — ಔಷಧಿಯನ್ನೂ ಬರೆದು, ಮೈಮೇಲೆ ಕೈಯನ್ನೂ ಇಟ್ಟು ನೋಡುವ ಡಾಕ್ಟರು. ಈ ಕೆಂಟಕಿ ಗುಡ್ಡಗಳಿಗೆ ಬೇರೆ ಥರದ ಡಾಕ್ಟರು ಬಂದದ್ದೇ ಕಡಿಮೆ.

ಗುಡ್ಡದ ಕಾಲೇಜು, ಮನೆಯಿಂದ ಒಂದು ಗಂಟೆ. ಕೊಟ್ಟ ಮಾತು: ಫೀಸೇ ಇಲ್ಲ, ಆಮೇಲೆ ಐದು ವರ್ಷ 'ನಮ್ಮ ಗುಡ್ಡಗಳಲ್ಲಿ' ಸೇವೆ. ಕೊಡದ್ದು: ಯಾವ ಊರು, ಯಾರ ಕೈಕೆಳಗೆ — ಒಂದು ಸಾಲು ಬರಹ.

ಬಯಲಿನ ಕಾಲೇಜು, ಏಳು ಗಂಟೆ ಕಾರು. ಕೊಟ್ಟ ಮಾತು: ಕೊನೆಯ ಎರಡು ವರ್ಷ ಕಲಿಯಲು ಹನ್ನೊಂದು ಆಸ್ಪತ್ರೆ. ಫೀಸು ಪೂರ್ತಿ, ಸಾಲ ನನ್ನದೇ. ಕೊಡದ್ದು: ಇನ್ನೂ ಏನೂ ಸಿಕ್ಕಿಲ್ಲ. ಅದಕ್ಕೇ ಅದರ ಮೇಲೆ ಅನುಮಾನ ಜಾಸ್ತಿ.

ಡಿಸೆಂಬರ್ 14ರೊಳಗೆ ಒಂದಕ್ಕೆ ಹೂಂ ಅನ್ನಬೇಕು. ಏಳಕ್ಕೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಡ್ಯೂಟಿ. ಮೆಷೀನು ಬಿಸಿಯಾಗಲು ಇಪ್ಪತ್ತು ನಿಮಿಷ ತಗೊಳ್ಳುತ್ತದೆ, ನನಗಿಂತ ಸೋಮಾರಿ.

ನವೆಂಬರ್ 12, ಶನಿವಾರ

ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಜಗಳ.

"ಗುಡ್ಡದ ಕಾಲೇಜು ನಮ್ದು ಕಣೇ ಐವಲೀ," ಅಂದ ಅಪ್ಪ. ಮೂಗಿಗೆ ಆಕ್ಸಿಜನ್ ಕೊಳವೆ, ಕೈಯಲ್ಲಿ ಈರುಳ್ಳಿ. "ನಮ್ಮೂರ ಡಾಕ್ಟ್ರು, ಡಾಕ್ ಬ್ಲೆವಿನ್ಸ್, ಓದಿದ್ದೂ ಅಲ್ಲೇ."

"ಕಂಪನಿನೂ ನಮ್ದೇ ಅಂತಿದ್ದೆ ನೀನು."

"ಅದು ಬೇರೆ."

"ಏನ್ ಬೇರೆ? ಫೀಸು ಕಟ್ಟೋ ಫೌಂಡೇಶನ್ ಯಾರ್ದು ನೋಡ್ದ್ಯಾ? ಹೊಸ ಬಣ್ಣದ ಲಾರಿಯವ್ರದು."

ಉಸಿರು ಎಳೆದುಕೊಂಡ. ವಾದ ಸೋಲುವಾಗ ಉಸಿರು ಸ್ವಲ್ಪ ಜಾಸ್ತಿಯೇ ಕಡಿಮೆಯಾಗುತ್ತದೆ ಅವನಿಗೆ. "ನಮ್ಮ್ ಎದೆಯಿಂದ ಕಿತ್ಕೊಂಡಿದ್ದು. ವಾಪಸ್ ಕೊಡ್ತಿದಾರೆ. ಬಾಚ್ಕೋ."

ಎದ್ದು ತಟ್ಟೆ ಎತ್ತಿದೆ. ಒಪ್ಪಿ ಅಲ್ಲ. ಏಳು ಗಂಟೆ ದೂರ ಹೋದರೆ ಈ ಆಕ್ಸಿಜನ್ ಮೆಷೀನಿನ ಫಿಲ್ಟರ್ ಯಾರು ತೊಳೆಯುತ್ತಾರೆ ಅನ್ನುವುದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನವೆಂಬರ್ 15, ಮಂಗಳವಾರ

ಊಟದ ಬಿಡುವಲ್ಲಿ ಗುಡ್ಡದ ಕಾಲೇಜಿನ ಪ್ರೇಟರ್‌ಗೆ ಫೋನು. ಅಡ್ಮಿಷನ್ ನೋಡಿಕೊಳ್ಳುವ ಮನುಷ್ಯ. ದನಿಯಲ್ಲೇ ಸಿರಪ್ಪು.

"ನನ್ನ ಎಲ್ಲಿಗೆ ಹಾಕ್ತೀರಿ ಸಾರ್?"

"ಹತ್ತಿರದಲ್ಲೇ ಕಣಮ್ಮಾ."

"ಯಾವ ಊರು?"

"ನಾವೆಲ್ಲ ಒಂದೇ ಮನೆಯವ್ರು. ಮನೇಲಿ ಹೀಗೆಲ್ಲ ಕೇಳ್ತಾರಾ?"

"ಮನೆಯವ್ರಾದ್ರೆ ಬರೆದು ಕೊಡೋಕೇನು ಕಷ್ಟ?"

ನಕ್ಕ. "ಸೇವಾ ಬಾಂಡಿನ ಕೊನೇ ಪುಟ ನೀವು ಹೂಂ ಅಂದ್ಮೇಲೆ ಬರುತ್ತೆ. ಅದು ನಮ್ಮ ಪದ್ಧತಿ."

ಸಹಿ ಮೊದಲು, ಓದು ಆಮೇಲೆ. ಗಣಿ ಮುಷ್ಕರದ ವರ್ಷ ಕಂಪನಿಯವರು ನಮ್ಮಪ್ಪಂದಿರಿಗೆ ಇದೇ ಪದ್ಧತಿಯಲ್ಲಿ ಒಪ್ಪಂದ ಓದಿಸಿದ್ದರು. ನನಗಾಗ ಎಂಟು ವರ್ಷ. ಗೇಟಿನ ಮುಂದೆ ಮರದ ಪೆಟ್ಟಿಗೆಯ ಮೇಲೆ ಕೂತು ಹೋಮ್‌ವರ್ಕ್ ಮಾಡಿದ್ದೆ. ಮಗ್ಗಿ ಮರೆತಿದೆ. ಆ ಒಪ್ಪಂದ ಮರೆತಿಲ್ಲ.

ನವೆಂಬರ್ 17

ಗುಡ್ಡದ ಕಾಲೇಜಿನಿಂದ ಪಾರ್ಸೆಲ್. ತೆರೆದರೆ ಕೊನೇ ಪುಟವಲ್ಲ, ಒಂದು ಬಾಟಲಿ ಸೇಬಿನ ಜಾಮು. ಮುಚ್ಚಳದ ಮೇಲೆ 'ಕುಟುಂಬಕ್ಕೆ ಸ್ವಾಗತ'. ಅಪ್ಪ ಅರ್ಧ ಖಾಲಿ ಮಾಡಿದ.

ನವೆಂಬರ್ 18, ಶುಕ್ರವಾರ. ರಜೆ

ಎರಡೂ ಕಾಲೇಜು ಪಟ್ಟಿ ಅಚ್ಚು ಹಾಕಿವೆ: ನಮ್ಮ ವಿದ್ಯಾರ್ಥಿಗಳು ಕಲಿಯುವ, ಸೇವೆ ಮಾಡುವ ಆಸ್ಪತ್ರೆಗಳು. ಅಚ್ಚಾದದ್ದನ್ನು ನಂಬುವುದಿಲ್ಲ. ಮುಷ್ಕರದಲ್ಲಿ ಅಪ್ಪ ಫೋನು ಪಾಳಿಯ ಮುಖ್ಯಸ್ಥ. ಪಟ್ಟಿಯ ಪ್ರತಿ ಹೆಸರಿಗೂ ಫೋನು, ಜೀವ ಇರುವ ದನಿ 'ಹೌದು' ಅಂದರೆ ಮಾತ್ರ ಗುರುತು. ಉಳಿದದ್ದೆಲ್ಲ ಸೊನ್ನೆ.

ಇವತ್ತೂ ಹಾಗೇ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಕೂತ. ಇಪ್ಪತ್ತು ವರ್ಷ ಕಡಿಮೆಯಾದವನ ಹಾಗೆ.

ಮೊದಲು ಬಯಲಿನದು. ಹನ್ನೊಂದರಲ್ಲಿ ಎಂಟು ಹೌದು. ಎರಡು 'ನೋಡಬೇಕು'. ಒಂದರಲ್ಲಿ ದನಿಯೇ ಇಲ್ಲ. ಆಸ್ಪತ್ರೆ ಪಕ್ಕದ ಹೂವಿನ ಅಂಗಡಿಗೆ ಫೋನು ಮಾಡಿದರೆ ಅಲ್ಲಿಯವಳು ಹೇಳಿದಳು: "ಆ ಆಸ್ಪತ್ರೆ ಮುಚ್ಚಿ ಎರಡು ವರ್ಷ ಆಯ್ತಲ್ಲಮ್ಮಾ."

"ನೋಡ್ದ್ಯಾ!" ಅಂತ ಅಪ್ಪ ಮೇಜು ಕುಟ್ಟಿದ. "ಹೊರಗಿನವ್ರು. ಬರೀ ಬುರುಡೆ."

ಬಯಲಿನ ಕಾಲೇಜಿಗೆ ಬಿಸಿಬಿಸಿಯಾಗಿ ಒಂದು ಇಮೇಲ್: ಸತ್ತ ಆಸ್ಪತ್ರೆಯಲ್ಲಿ ನನಗೆ ಏನು ಕಲಿಸುತ್ತೀರಿ?

ಆಮೇಲೆ ಗುಡ್ಡದ್ದು, ಹದಿನಾಲ್ಕು. ಒಂಬತ್ತು ಹೌದು. ಅಪ್ಪ ಗೆದ್ದವನ ಮುಖದಲ್ಲಿ ಜಗಿದದ್ದನ್ನು ಡಬ್ಬಿಗೆ ಉಗಿದ. ಹತ್ತರಿಂದ ಹದಿಮೂರರವರೆಗೆ ಬೇರೆ ಬೇರೆ ಊರು, ಬೇರೆ ಬೇರೆ ನಂಬರು. ನಾಲ್ಕೂ ಎತ್ತಿದವಳು ಒಬ್ಬಳೇ. ನಾಲ್ಕನೇ ಸಲ ಅವಳಿಗೂ ನಗು ಬಂತು.

"ಮತ್ತೆ ನೀವೇನಾ? ಎಲ್ಲ ಇಲ್ಲಿಗೇ ಬರುತ್ತೆ ಕಣ್ರೀ. ಹದಿನಾಲ್ಕನೇದಕ್ಕೂ ಮಾಡ್ಬೇಡಿ, ಅದೂ ನಂದೇ. ಗಣಿ ಕಾರ್ಮಿಕರ ತಪಾಸಣಾ ಕ್ಲಿನಿಕ್ಕು. ನೀವು ಸ್ಕಾಲರ್‌ಶಿಪ್ಪಿನವ್ರಾ?"

"ಅಂದ್ರೆ?"

"ಬಾಂಡಿನ ಡಾಕ್ಟ್ರುಗಳೆಲ್ಲ ಇಲ್ಲೇ ಅಲ್ವಾ ಬರೋದು. ಈಗಿರೋ ಡಾಕ್ಟರ್ ಆಶ್‌ವರ್ತ್ ನಿಮ್ಮ ಕಡೆಯವ್ರೇ. ಮದುವೆಗೆ ಮುಂಚೆ ಮಲಿನ್ಸು. ಮುದುಕ ಮಲಿನ್ಸ್ ಮೊಮ್ಮಗಳು."

ಫೋನು ಸ್ಪೀಕರ್‌ನಲ್ಲಿತ್ತು. ಅಪ್ಪನ ಪೆನ್ಸಿಲು ನಿಂತಿತು.

ಅವನನ್ನು ಕಂಪನಿ ಮೂರು ಸಲ ಕಳಿಸಿದ್ದು ಆ ಕ್ಲಿನಿಕ್ಕಿಗೇ. ಒಳಗೆ ಹೋಗಿ ಡ್ರಾಯರಿನಿಂದ ಮೂರನೇ ತಿರಸ್ಕಾರದ ಕಾಗದ ತಂದ. ನಾನು ತೆಗೆದ ಎಕ್ಸ್‌ರೇ, ನನ್ನ ಕಣ್ಣಿಗೇ ಕಾಣುವ ಬಿಳಿ ಚುಕ್ಕೆ. ಕೆಳಗೆ: 'ಧೂಮಪಾನಿ. ಧೂಳಿನ ಕಾಯಿಲೆಯ ಲಕ್ಷಣವಿಲ್ಲ.' ಸಹಿ: ಕೆ. ಆಶ್‌ವರ್ತ್, ಡಿ.ಓ.

ಯಾರೋ ಹೊರಗಿನವನು ಅಂದುಕೊಂಡು ಎರಡು ವರ್ಷ ಆ ಹೆಸರಿಗೆ ಬೈದಿದ್ದೇವೆ. ಅದು ಕೆಸೈಯ. ಮುಷ್ಕರದಲ್ಲಿ ಅದೇ ಪೆಟ್ಟಿಗೆಯ ಮೇಲೆ ನನ್ನ ಪಕ್ಕ ಕೂತವಳು. ಅವಳಜ್ಜನನ್ನು ಕೊಂದದ್ದು ಅದೇ ಧೂಳು.

ಅಪ್ಪ ಪೆನ್ಸಿಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಆ ಮಗೂನ ಹೆಗಲ ಮೇಲೆ ಹೊತ್ತಿದ್ದೆ," ಅಂದ.

ನವೆಂಬರ್ 28, ಸೋಮವಾರ

ಹತ್ತು ದಿನ ಬರೆದಿಲ್ಲ. ಹಬ್ಬ ಬಂತು, ಹೋಯಿತು. ಟರ್ಕಿ ಕೋಳಿ ಹಾಗೇ ಉಳಿಯಿತು.

ಈಗ ಎಲ್ಲರ ಮೇಲೂ ಅನುಮಾನ. ಡಾಕ್ ಬ್ಲೆವಿನ್ಸ್ ಮೇಲೂ. ಗುಡ್ಡದ ಕಾಲೇಜಿನ ಮೊದಲ ಬ್ಯಾಚು. ನನ್ನ ಶಿಫಾರಸು ಪತ್ರ ಅವರದ್ದು. ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ಕೆಳಗೆ ಒಂದು ಕೂದಲೆಳೆ ಇಟ್ಟು, ಬೆರಳ ತುದಿಯಲ್ಲಿ ಹುಡುಕು ಅಂತ ನನಗೆ ಕಲಿಸಿದವರು. ಒಂದು ಹಾಳೆ, ಮೂರು ಹಾಳೆ, ಏಳು ಹಾಳೆ. "ಒತ್ತಬೇಡ. ಕೈ ಇಡು, ಕಾಯು." ಹಾಗೆ ಕಲಿಸಿದವರಿಗೇ ಈ ಕಾಗದದ ಕೆಳಗಿನದು ತಿಳಿಯಲಿಲ್ಲವೇ?

ಡ್ಯೂಟಿ ಮುಗಿಸಿ ನೇರ ಅವರ ಕ್ಲಿನಿಕ್ಕಿಗೆ.

"ಕೂತ್ಕೋ. ಕತ್ತು ಬೇಲಿ ಗೂಟ ಆಗಿದೆ ನಿಂದು." ಎರಡು ದಪ್ಪ ಕೈ ನನ್ನ ಕತ್ತಿನ ಮೇಲೆ.

"ಕೈ ತೆಗೀರಿ ಡಾಕ್. ಕೆಸೈಯನ್ನ ಅಲ್ಲಿಗೆ ಕಳಿಸಿದ್ದು ನೀವಾ?"

ಕೈ ತೆಗೆಯಲಿಲ್ಲ. ಭಾರ ಮಾತ್ರ ಹೋಯಿತು. "ಅವಳೊಬ್ಳೇ ಅಲ್ಲ. ಮೂರು ಜನ. ನಾನೇ ಪತ್ರ ಬರೆದೆ."

"ಎಷ್ಟು ಕೊಟ್ರು ನಿಮ್ಗೆ?"

"ಬಯ್ಯಿ. ಬಯ್ಯೋ ಹಕ್ಕಿದೆ ನಿಂಗೆ." ಸ್ಟೂಲು ಎಳೆದು ಕೂತರು. ಎಪ್ಪತ್ತಾರು ವರ್ಷದ ಮುಖ. "ಬಾಂಡ್ ಓದ್ಲಿಲ್ಲ ನಾನು. ನಮ್ಮ ಕಾಲೇಜು ಅಂದ್ಮೇಲೆ ಓದೋದೇನು ಅಂದ್ಕೊಂಡೆ. ನಮ್ಮ ಕಾಲದಲ್ಲಿ ಊರವ್ರು ಆಲೂಗಡ್ಡೆ ಮಾರಿ ಕಟ್ಟಿದ ಕಾಲೇಜು ಅದು. ಕೆಸೈಯ ಅಲ್ಲಿ ಸೇರಿದ ಮೊದಲ ವರ್ಷ ಬಂದು ಹೇಳಿದ್ಲು. ಅತ್ಲು. ತಡ್ಕೋ, ಐದೇ ವರ್ಷ ಅಂದೆ."

"ತಡ್ಕೊಂಡ್ಲು. ಅಪ್ಪಂಗೆ ಪರಿಹಾರ ಇಲ್ಲ."

"ಹೌದು."

"ಮತ್ತೆ ನನ್ಗ್ಯಾಕೆ ಪತ್ರ ಬರೆದ್ರಿ?"

"ನೀನು ಓದ್ತೀಯ ಅಂತ ಗೊತ್ತಿತ್ತು," ಅಂದರು.

ನಂಬಬೇಕೋ ಬೇಡವೋ. ತಪ್ಪಿಸಿಕೊಳ್ಳುವವರು ಹೀಗೇ ಚೆನ್ನಾಗಿ ಮಾತಾಡುತ್ತಾರೆ.

ಡಿಸೆಂಬರ್ 3, ಶನಿವಾರ. ಮಧ್ಯಾಹ್ನ 3

ಡಾಲರ್ ಅಂಗಡಿಯ ಪಾರ್ಕಿಂಗು. ಕೆಸೈಯ ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿದಳು. ಡಾಕ್ ಹೇಳಿದ್ದಕ್ಕೆ ಬಂದಳಂತೆ. ಅದೂ ಅನುಮಾನವೇ.

"ಎಂಟು ನಿಮಿಷ ಕೊಡ್ತಾರೆ ಒಬ್ಬೊಬ್ರಿಗೆ," ಅಂದಳು. "ಕೈ ಇಡಂಗಿಲ್ಲ. ಚೌಕ ತುಂಬೋದು, ಅಷ್ಟೆ."

"ಅಪ್ಪ ಬಂದಾಗ ಗುರುತು ಹಿಡೀಲಿಲ್ವಾ?"

"ಹಿಡ್ದೆ. ಮಾಸ್ಕ್ ಹಾಕ್ಕೊಂಡಿದ್ದೆ. ತೆಗೀಲಿಲ್ಲ."

"ಉಗೀತೀನಿ ನಿನ್ನ ಮುಖಕ್ಕೆ."

"ಉಗಿ. ಅದಕ್ಕೇ ಗಾಜು ಇಳ್ಸಿದ್ದು." ಪಕ್ಕದ ಸೀಟಿನಿಂದ ಒಂದು ಕವರು ಎತ್ತಿದಳು. "ಕಾಯಿಲೆ 'ಇದೆ' ಅಂತ ನಾನು ಬರೆದ ವರದಿ ಹನ್ನೊಂದು. ಹನ್ನೊಂದನ್ನೂ 'ಇಲ್ಲ' ಅಂತ ತಿದ್ದಿ ಸಹಿಗೆ ವಾಪಸ್ ಕಳಿಸಿದ್ರು. ಸಹಿ ಹಾಕ್ದೆ. ಮೊದಲು ಬರೆದದ್ದರ ಫೋಟೋ ಇಟ್ಕೊಂಡಿದೀನಿ. ನಿಮ್ಮಪ್ಪಂದೂ ಇದೆ. ಇನ್ನೊಂದು, ಬಾಂಡಿನ ಕೊನೇ ಪುಟ. ನಿಂಗೆ ತೋರ್ಸಿಲ್ವಲ್ಲ, ಅದು."

"ಈಗ್ಯಾಕೆ ಕೊಡ್ತಿದೀಯ?"

"ಈ ವರ್ಷ ಒಂಬತ್ತು ಜನಕ್ಕೆ ಆ ಸ್ಕಾಲರ್‌ಶಿಪ್ಪು. ಅದ್ರಲ್ಲಿ ನೀನೂ ಒಬ್ಳು."

ನನ್ನ ಕಾರಿನಲ್ಲಿ ಕೂತು ಓದಿದೆ. 'ಸೇವಾಸ್ಥಳವನ್ನು ದಾನಿ ಸಂಸ್ಥೆಯೇ ಗೊತ್ತುಪಡಿಸುವುದು. ವೈದ್ಯಕೀಯ ವರದಿಗಳ ಅಂತಿಮ ಪರಿಷ್ಕರಣೆಯ ಹಕ್ಕು ದಾನಿ ಸಂಸ್ಥೆಯದು.' ಎರಡು ವಾಕ್ಯ. ನಮ್ಮ ಮಕ್ಕಳನ್ನು ಓದಿಸಿ, ನಮ್ಮಪ್ಪಂದಿರ ಎದೆಯ ಮೇಲೆ 'ಇಲ್ಲ' ಬರೆಸಲು ಇಷ್ಟೇ ಸಾಕಾಯಿತು.

ಡಿಸೆಂಬರ್ 6, ಮಂಗಳವಾರ

ಬಯಲಿನ ಕಾಲೇಜಿನಿಂದ ಪತ್ರ. ಜಾಮಿಲ್ಲ. 'ಮುಚ್ಚಿದ ಆಸ್ಪತ್ರೆ ಪಟ್ಟಿಯಲ್ಲಿ ಉಳಿದದ್ದು ನಮ್ಮ ತಪ್ಪು. ತೆಗೆದಿದ್ದೇವೆ. "ನೋಡಬೇಕು" ಅಂದ ಎರಡನ್ನೂ ತೆಗೆದಿದ್ದೇವೆ.' ಕೆಳಗೆ ನನ್ನ ಮೂರನೇ ವರ್ಷದ ಆಸ್ಪತ್ರೆಯ ಹೆಸರು, ಅಲ್ಲಿಯ ಡಾಕ್ಟರ ಸಹಿ. ಶಾಯಿ ಸಹಿ. ಬೆರಳಿಂದ ಉಜ್ಜಿ ನೋಡಿದೆ.

ಸಹಿ ಹಾಕಿದವನಿಗೆ ಫೋನು ಮಾಡಿದೆ. ಸಿಡುಕು ಮುದುಕ. "ಹೂಂ, ನಂದೇ ಸಹಿ. ಬೆಳಿಗ್ಗೆ ಆರಕ್ಕೆ ಬರ್ಬೇಕು, ಅಳಬಾರದು. ಇನ್ನೇನು?" ಏನೂ ಇಲ್ಲ ಅಂದೆ.

ಅಪ್ಪನಿಗೆ ಓದಿ ಹೇಳಿದೆ. ಟಿವಿ ಆರಿಸಿದ.

"ಹೋಗು."

"ಫಿಲ್ಟರ್ ಯಾರು ತೊಳೀತಾರೆ?"

"ನಂಗೆ ಕೈ ಇಲ್ವಾ? ಹತ್ತೊಂಬತ್ತು ವರ್ಷ ಗುಡ್ಡ ಅಗ್ದಿದೀನಿ, ಒಂದು ಸ್ಪಂಜು ತೊಳೆಯಕ್ಕಾಗಲ್ವಾ?" ಮಾತಿನ ನಡುವೆ ಎರಡು ಸಲ ನಿಂತು ಉಸಿರು ತಗೊಂಡ. "ನೀನಿಲ್ಲೇ ಓದಿ, ನನ್ನ ನಾಲ್ಕನೇ ಅರ್ಜಿಗೂ 'ಇಲ್ಲ' ಅಂತ ಸಹಿ ಹಾಕೋದು ಬೇಡ."

ಬಯಲಿಗೆ ಹೂಂ ಕಳಿಸಿದೆ. 4.40ಕ್ಕೆ. ಸಾಲ ಹೊತ್ತು ಹೋಗುತ್ತೇನೆ. ಯಾರ ಹೆಸರನ್ನೂ ಹೊತ್ತು ಅಲ್ಲ.

ಡಿಸೆಂಬರ್ 7

ನಾನು ತಪ್ಪಿಸಿಕೊಂಡೆ. ಉಳಿದ ಎಂಟು ಜನ? ಹದಿನಾಲ್ಕಕ್ಕೆ ಹೂಂ ಅನ್ನುತ್ತಾರೆ, ಆಮೇಲೆ ಕೊನೇ ಪುಟ ಓದುತ್ತಾರೆ.

ಅದಕ್ಕೆ ಮೊದಲೇ ಎಲ್ಲರನ್ನೂ ಒಂದು ಸಭೆಗೆ ಕರೆದು ಆ ಪುಟ ಓದಿಸಬೇಕು. ಎಂಟು ಹೆಸರು. ಡಾಕ್ ಎರಡು ಕೊಟ್ಟರು, ಆ ಎರಡರಿಂದ ಉಳಿದವು ಸಿಕ್ಕವು. ಅಪ್ಪ ಪೆನ್ಸಿಲು ಚೂಪು ಮಾಡುತ್ತಿದ್ದಾನೆ.

ಡಿಸೆಂಬರ್ 9, ಶುಕ್ರವಾರ. ಸಂಜೆ 7

ಎಂಟರಲ್ಲಿ ಆರು ಹೌದು. ಒಬ್ಬಳು ಅತ್ತಳು. ಒಬ್ಬ ಫೋನು ಇಟ್ಟ.

ಪ್ರೇಟರ್ ಫೋನು ಬಂತು. ಸಿರಪ್ಪು ಇಲ್ಲ. "ಏನೋ ಸಭೆ ಅಂತೆ?"

"ಮನೆಯವ್ರು ಸೇರೋದು ಸಾರ್. ಮನೇಲಿ ಹೀಗೆಲ್ಲ ಕೇಳ್ತಾರಾ?"

ನಮ್ಮಲ್ಲೇ ಯಾರೋ ಒಬ್ಬರು ಹೇಳಿರಬೇಕು. ಯಾರು? ಅಳುಬುರುಕಿಯಾ? ಕೆಸೈಯಾ? ಗೊತ್ತಿಲ್ಲ. ಯಾರಾದರೂ ಬರಲಿ. ಹೇಳಿದವರೂ ಬಂದು ಕೊನೇ ಪುಟ ಓದಲಿ.

ಡಾಕ್ ಕುರ್ಚಿ ತರುತ್ತಾರೆ. ಕೆಸೈಯ ಹನ್ನೊಂದು ಫೋಟೋ ತರುತ್ತಾಳೆ. ಮಾಸ್ಕ್ ಇಲ್ಲದೆ ಬರ್ತೀನಿ ಅಂದಿದ್ದಾಳೆ. ಮುಂದಿನ ಸಾಲಲ್ಲಿ ಕೂರುವವನು ಅಪ್ಪ. ಬೈಯುತ್ತಾನೋ, ಹೆಗಲು ಮುಟ್ಟುತ್ತಾನೋ, ಕೇಳಲಿಲ್ಲ.

ಗಣಿ ಕಾರ್ಮಿಕರ ಯೂನಿಯನ್ ಹಾಲ್. ಚರ್ಚು ಬಿಟ್ಟ ಮೇಲೆ. ಭಾನುವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ ಎರಡು ಗಂಟೆಗೆ ಸಭೆ.