ಕೆಳಗಿದ್ದ ಇನ್ನೊಂದು ಕೋಡು

ರಂಜು,

ನಿನ್ನೆ ಕಾರಿಗೆ ಸ್ಕ್ಯಾನರ್ ಹಾಕ್ದಾಗ ಹೈಬ್ರಿಡ್ ಬ್ಯಾಟರಿ ಕೆಟ್ಟದೆ ಅನ್ನೋ ಎರರ್ ಕೋಡು ಬಂದಿದ್ದೇ ತಡ, ನೀನೇ ಓಡಿಸಿ ಕೆಡಿಸ್ದೆ ಅಂತ ಬೈದು ಕೀ ಕಿತ್ಕಂಡ್ನಲ್ಲ, ತಪ್ಪಾಯ್ತು ಕಣಮ್ಮಿ. ಬೆಳಿಗ್ಗೆ ನೋಡಿದ್ರೆ ಅದರ ಕೆಳಗೆ ಇನ್ನೊಂದು ಕೋಡಿತ್ತು, ಬ್ಯಾಟರಿ ತಣ್ಣಗಿಡೋ ಫ್ಯಾನಿಂದು. ಹಿಂದಿನ ಸೀಟು ಬಿಚ್ಚಿದ್ರೆ ಫ್ಯಾನ್ ತುಂಬಾ ರೇಷ್ಮೆಗೂಡಿನ ಎಳೆ! ಮಾರ್ಕೆಟ್ಟಿಗೆ ನಾನು ಕಾರಲ್ಲೇ ಗೂಡು ತುಂಬ್ಕಂಡು ಹೋಗ್ತಿದ್ದೆನಲ್ಲ, ಅದೇ. ಪಾಪ, ಬ್ಯಾಟರಿಗೆ ಉಸಿರು ಕಟ್ಟಿ ಕಾದೋಗಿತ್ತು.

ಎಲ್ಲಾ ಕ್ಲೀನ್ ಮಾಡಿ ಕೋಡು ಅಳಿಸಿದ್ದೀನಿ. ಹಿಂದಿನ ಸೀಟಿನ ಪಕ್ಕ ಫ್ಯಾನಿಗೆ ಗಾಳಿ ಹೋಗೋ ಜಾಲರಿಗೆ ಬ್ಯಾಗ್ ಒರಗಿಸ್ಬೇಡ. ಮೀಟರ್ ಹತ್ರ ವಾರ್ನಿಂಗ್ ಲೈಟ್ ಮತ್ತೆ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡು, ಬೈಯಲ್ಲ.

ಕೀ ನಿನ್ನ ಟಿಫನ್ ಡಬ್ಬಿ ಮೇಲದೆ. ಯಳಂದೂರಿನ ಆಫೀಸಿಗೆ ನೀನೇ ಓಡಿಸ್ಕಂಡು ಹೋಗು. ನನಗಿಂತ ನಯವಾಗೇ ಓಡಿಸ್ತೀಯ.

ಗೂಡಿನ ಚೀಲ ಹೊತ್ಕಂಡು ನಾನು ಕೊಳ್ಳೇಗಾಲದ ಬಸ್ಸಿಗೆ ಹೊರಟೆ.

ಪ್ರಸಾದು