ಗೋಡೆಯಾಚೆಗಿನ ಭಾರ

ಪ್ರಯೋಗಾಲಯ, ಎರಡನೇ ಮಹಡಿ
ಫೆಬ್ರವರಿ ೧೧, ಬುಧವಾರ ಮಧ್ಯಾಹ್ನ

ನನ್ನ ಕ್ರೇನ್ ಸಾಹೇಬರಿಗೆ,

ಹೇಗಿದ್ದೀರಿ? ಬಾಯುಪಚಾರಕ್ಕೆ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ತಲೆನೋವು ಈಗಲೂ ಬರುತ್ತದೆಯೇ? ಬೆಳಿಗ್ಗೆ ಎದ್ದಾಗ ಕಣ್ಣು ಕತ್ತಲೆ ಬರುವುದು ನಿಂತಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೋ, ಬಿಸ್ಕತ್ತು ತಿಂದು ದಿನ ದೂಡುತ್ತಿದ್ದೀರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ತಂದ ಹೊಸ ಪರದೆ ನೋಡಿ "ಮನೆ ಹೋಗಿ ಆಸ್ಪತ್ರೆ ವಾರ್ಡು ಆಯ್ತು" ಅಂದರು. ಮಗಳು ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾಳೆ. ಪುಸ್ತಕ ಮಡಿಲಲ್ಲಿರುತ್ತದೆ, ಕಣ್ಣು ಫೋನಿನಲ್ಲಿರುತ್ತದೆ.

ಫೋನು ಇರುವಾಗ ಇವಳಿಗೇನು ಬಂತು ಕಾಗದ ಬರೆಯುವ ರೋಗ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮನ್ನು ಗೆದ್ದವರಿಲ್ಲ. ನಾನು ಸ್ವಲ್ಪ ಗಂಭೀರವಾಗಿ ಬಾಯಿ ತೆರೆದರೆ "ಡಾಕ್ಟ್ರಮ್ಮ ಶುರು ಹಚ್ಕೊಂಡ್ರು" ಅನ್ನುತ್ತೀರಿ, ನನಗೆ ನಗು ಬರುತ್ತದೆ, ಅಷ್ಟರಲ್ಲಿ ನಿಮಗೆ ಸಿಗ್ನಲ್ ಹೋಗಿರುತ್ತದೆ. ನಾನು ಮಾತ್ರೆ ಬರೆದುಕೊಡುವ ಡಾಕ್ಟರಲ್ಲ, ಜನ ಕಂಡದ್ದನ್ನು ಮನಸ್ಸಿನಲ್ಲಿ ಎಷ್ಟು ಹೊತ್ತು ಹಿಡಿದಿಡುತ್ತಾರೆ ಎಂದು ನೋಡುವವಳು ಎಂದು ಹೇಳಿ ಹೇಳಿ ಸಾಕಾಯಿತು. ಅತ್ತೆ ಈಗಲೂ ನನಗೇ ಮಂಡಿ ತೋರಿಸುತ್ತಾರೆ. ಇವತ್ತು ಪರೀಕ್ಷೆಗೆ ಬರಬೇಕಿದ್ದವರು ಬರಲಿಲ್ಲ. ಅವರಿಗೆಂದು ಹಾಕಿದ ಖಾಲಿ ಕುರ್ಚಿಯ ಎದುರು ಕೂತು ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಲು ನೀವಿಲ್ಲ. ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನೀವು ರಜೆಗೆ ಬಂದಾಗಲೇ ನನಗೆ ಏನೋ ಸರಿಯಿಲ್ಲ ಅನಿಸಿತ್ತು. ಹಿಂದೆ ಮನೆ ಬದಲಿಸುವಾಗ ಬೀರು, ಮಂಚ, ಅತ್ತೆಯ ಹೊಲಿಗೆ ಯಂತ್ರ ಎಲ್ಲೆಲ್ಲಿ ಹಿಡಿಸುತ್ತವೆ ಎಂದು ಲಾರಿಯನ್ನು ಒಂದೇ ಸಲ ನೋಡಿ ಹೇಳಿದವರು ನೀವು. ಈ ಸಲ ಮಗಳ ಪುಸ್ತಕದ ಕಪಾಟು ಜೋಡಿಸಲು ಕೂತಿರಿ. ಜೊತೆಗೆ ಬಂದ ಚಿತ್ರ ನೋಡಿ, ಈ ಕಡೆ ತಲೆ ತಿರುಗಿಸುವಷ್ಟರಲ್ಲಿ ಯಾವ ಹಲಗೆ ಎಲ್ಲಿಗೆ ಎಂಬುದು ಮರೆತು ಮತ್ತೆ ಚಿತ್ರ ನೋಡುತ್ತಿದ್ದಿರಿ. ಕೊನೆಗೆ "ಚಿತ್ರಾನೇ ತಪ್ಪು ಕೊಟ್ಟಿದಾರೆ, ಬೇವಾರ್ಸಿಗಳು" ಎಂದು ಎದ್ದುಹೋದಿರಿ. ಅತ್ತೆ ಮಗನ ಪಕ್ಷ ವಹಿಸಿ ಅಂಗಡಿಯವರಿಗೆ ಹಿಡಿಶಾಪ ಹಾಕಿದರು. ಚಿತ್ರ ಸರಿಯಾಗಿತ್ತು, ರೀ. ನೀವು ಹೋದ ಮೇಲೆ ಮಗಳು ಅದನ್ನೇ ನೋಡಿಕೊಂಡು ಜೋಡಿಸಿದಳು.

ಅದಕ್ಕೇ ಮಾರನೆಯ ದಿನ ನಾನು ಪ್ರಯೋಗಾಲಯದ ನೆನಪಿನ ಪರೀಕ್ಷೆಯ ಹಲಗೆಯನ್ನು ಮನೆಗೆ ತಂದದ್ದು. ಮದುವೆಯಾದಾಗಿನಿಂದ ನನ್ನ ಪ್ರತಿಯೊಂದು ಪರೀಕ್ಷೆಗೂ ಮೊದಲ ಬಲಿ ನೀವೇ ಆದ್ದರಿಂದ ನಿಮಗೆ ಅನುಮಾನ ಬರಲಿಲ್ಲ. ಹಲಗೆಯ ಮೇಲೆ ಅಲ್ಲೊಂದು ಇಲ್ಲೊಂದು ಅಂಟಿಸಿದ ಒಂಬತ್ತು ಮರದ ತುಂಡುಗಳು. ನಾನು ಕೆಲವನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತೇನೆ, ನೀವು ಅದೇ ಕ್ರಮದಲ್ಲಿ ಮುಟ್ಟಬೇಕು. ಬಹಳ ಜನ ಐದಾರರ ಹೊತ್ತಿಗೆ ತಡವರಿಸುತ್ತಾರೆ. ನೀವು ಹಿಂದೆ ಎಂಟು ಮುಟ್ಟಿದವರು. ನಮ್ಮ ವಿಭಾಗದ ಹಿರಿಯರು ನಂಬಲಾಗದೆ ತಾವೇ ಬಂದು ಪಕ್ಕದಲ್ಲಿ ಕೂತು ನೋಡಿದ್ದರು. ಈ ಸಲ ಆರು ಬಂತು. ಸದ್ಯ, ಬದುಕಿದೆ ಎಂದುಕೊಂಡೆ. ಆಮೇಲೆ ನಿಮ್ಮ ತುಟಿ ಅಲ್ಲಾಡುತ್ತಿರುವುದು ಕಣ್ಣಿಗೆ ಬಿತ್ತು.

ತುಂಡುಗಳಿಗೆ ಹೆಸರಿಟ್ಟುಕೊಂಡಿದ್ದಿರಿ. ಕೇಳಿದ್ದಕ್ಕೆ ನಕ್ಕು ಒಪ್ಪಿಕೊಂಡಿರಿ ಕೂಡ: ಮೂಲೆಯದು ಅತ್ತಿಗೆ, ಅದರ ಪಕ್ಕದ್ದು ಚಿಕ್ಕಪ್ಪ, ಎಲ್ಲರಿಗೂ ಬೆನ್ನು ಹಾಕಿ ಒಂದೇ ಕೂತಿರುವುದು ನಿಮ್ಮ ಭಾವ. ನಾನು ಮುಟ್ಟುತ್ತ ಹೋದಂತೆ ನೀವು ಒಳಗೊಳಗೇ "ಅತ್ತಿಗೆ, ಭಾವ, ಚಿಕ್ಕಪ್ಪ" ಎಂದು ಗುನುಗಿಕೊಂಡು, ಆ ಮಾತನ್ನು ಊರುಗೋಲು ಮಾಡಿಕೊಂಡು ನಡೆದಿರಿ. ಜಾಣತನವೇ, ಬೈಯುವುದಿಲ್ಲ. ಆದರೆ ಮೊದಲು ನಿಮಗೆ ಊರುಗೋಲು ಬೇಕಿರಲಿಲ್ಲ. ಹಾಗಾಗಿ ನಿಮ್ಮ ಬಾಯಿ ಕಟ್ಟಿದೆ. ನಾನು ಮುಟ್ಟುವಷ್ಟು ಹೊತ್ತೂ "ದ ದ ದ" ಅನ್ನುತ್ತಲೇ ಇರಿ ಎಂದೆ. ಮಾತಿನ ನೆನಪು ಬೇರೆ, ಜಾಗದ ನೆನಪು ಬೇರೆ. ಬಾಯಿ ಕೆಲಸದಲ್ಲಿದ್ದರೂ ಜಾಗದ ನೆನಪಿಗೆ ಅಷ್ಟೇನೂ ಪೆಟ್ಟು ಬೀಳುವುದಿಲ್ಲ. ಇಷ್ಟು ವರ್ಷ ಸಂಬಳ ತೆಗೆದುಕೊಂಡು ನಾನು ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ನಿಮಗೆ ಪೆಟ್ಟು ಬಿತ್ತು. ಮೂರಕ್ಕೆ ನಿಂತುಬಿಟ್ಟಿರಿ. ಇನ್ನೊಮ್ಮೆ ಮಾಡಿದೆವು, ಮತ್ತೆ ಮೂರು. ಎಲ್ಲಿ ಇಳಿಯಬೇಕೆಂದು ತಿಳಿಯದೆ ನಿಮ್ಮ ಬೆರಳು ಹಲಗೆಯ ಮೇಲೆ ಸುಮ್ಮನೆ ನಿಂತಿತ್ತು. "ಸಾಕು ನಿನ್ನ ಮಕ್ಕಳಾಟ" ಎಂದು ಹಲಗೆಯನ್ನು ನನ್ನ ಕಡೆ ತಳ್ಳಿದಿರಿ. ಆ ಸಂಜೆಯೆಲ್ಲ ಎಲ್ಲರನ್ನೂ ನಗಿಸಿದ್ದೇ ನಗಿಸಿದ್ದು. ಹೆದರಿದಾಗ ನೀವು ಹಾಗೇ.

ನವೆಂಬರಿನಲ್ಲಿ ಕ್ರೇನಿನ ಏಣಿಯಿಂದ ಜಾರಿ ಬಿದ್ದದ್ದನ್ನೂ ನೀವು ನಗೆಮಾತಾಗಿಯೇ ಹೇಳಿದ್ದು: "ಹೆಲ್ಮೆಟ್ ಬಿರುಕು ಬಿಡ್ತು, ಬುರುಡೆ ಗಟ್ಟಿ." ಆಮೇಲೆ ಎರಡು ದಿನ ವಾಂತಿಯಾದದ್ದನ್ನು ಹೇಳಲಿಲ್ಲ. ಅದು ನನಗೆ ತಿಳಿದದ್ದು ಮೋಟಣ್ಣನ ಹೆಂಡತಿಯಿಂದ. ಕೆಳಗೆ ನಿಂತು ನಿಮ್ಮ ಕೊಂಡಿಗೆ ಭಾರ ಸಿಕ್ಕಿಸುವ, ಇಳಿದ ಭಾರ ಬಿಡಿಸುವ ಆ ಮನುಷ್ಯ ನಿಮ್ಮ ಕಷ್ಟಸುಖವನ್ನೆಲ್ಲ ಮನೆಗೆ ಹೋಗಿ ಒಪ್ಪಿಸುತ್ತಾನೆ ಎಂಬುದು ಒಳ್ಳೆಯದೇ ಆಯಿತು. ಭಾನುವಾರ ಅವಳು ಮಗನ ಶಾಲೆಯ ವಿಷಯ ಕೇಳಲು ಫೋನು ಮಾಡಿದ್ದಳು. ಮಾತಿಗೆ ಮಾತು ಬಂದು, "ನಿಮ್ಮೆಜಮಾನ್ರು ಮೊನ್ನೆ ನಮ್ಮನೆಯವರನ್ನ ಕುಣಿಸಿಬಿಟ್ರಂತೆ ಅಕ್ಕ" ಎಂದು ನಕ್ಕಳು. ಗೋಡೆಯ ಆಚೆಗೆ ಪೈಪಿನ ಕಟ್ಟು ಇಳಿಸುವಾಗ ಅದು ಹೇಳಿದ ಜಾಗ ಬಿಟ್ಟು ಅವನು ನಿಂತ ಕಡೆಗೇ ಬಂತಂತೆ. ಅವನು ಪಕ್ಕಕ್ಕೆ ಹಾರಿದನಂತೆ. ನಾನೂ ನಕ್ಕೆ, ಇನ್ನೇನು ಮಾಡಲಿ.

ನನಗೆ ಅಲ್ಲಿ ಏನಾಯಿತೆಂದು ಗೊತ್ತು. ಭಾರ ಕಣ್ಣಿಗೆ ಕಾಣುವವರೆಗೆ ನಿಮಗೆ ತೊಂದರೆಯಿಲ್ಲ, ಅಷ್ಟು ವರ್ಷದ ಕೈ. ಗೋಡೆಯ ಹಿಂದೆ ಅದು ಮರೆಯಾದ ಮೇಲೆ ಕಂಬ ಎಲ್ಲಿತ್ತು, ಮನುಷ್ಯ ಎಲ್ಲಿದ್ದ ಎಂಬ ಚಿತ್ರವನ್ನು ತಲೆಯೊಳಗೆ ಹಿಡಿದಿರಬೇಕು. ಅದೇ ಹೊತ್ತಿಗೆ ವಾಕಿಟಾಕಿಯಲ್ಲಿ ಒಬ್ಬ ಎಡಕ್ಕೆ, ಇಳಿಸಿ, ನಿಲ್ಲಿ ಎನ್ನುತ್ತಿರುತ್ತಾನೆ, ನೀವು ಅದಕ್ಕೆ ಉತ್ತರ ಕೊಡುತ್ತಿರುತ್ತೀರಿ. ಹೆಸರಿಟ್ಟು ಗುನುಗಿಕೊಳ್ಳಲು ಅಲ್ಲಿ ಪುರುಸೊತ್ತೆಲ್ಲಿದೆ? ಮನೆಯಲ್ಲಿ ಹಲಗೆಯ ಮುಂದೆ ನಿಮಗೆ ಆದದ್ದೇ ಅಲ್ಲಿಯೂ ಆಗುತ್ತಿದೆ. ಇಲ್ಲಿ ತಪ್ಪಿದರೆ ಮರದ ತುಂಡು.

ನನ್ನದೇ ತಪ್ಪಿರಬಹುದು, ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತೇನೆ. ಮನೆಯಲ್ಲಿ ಮಾಡಿದ್ದು ಪರೀಕ್ಷೆಯೇ ಅಲ್ಲ. ಅತ್ತೆ ಪಕ್ಕದಲ್ಲೇ ಟಿವಿ ಹಾಕಿಕೊಂಡಿದ್ದರು, ನಿಮಗೂ ನಿದ್ದೆಯಾಗಿರಲಿಲ್ಲ. ತಲೆಗೆ ಪೆಟ್ಟು ಬಿದ್ದವರು ಕೆಲವು ತಿಂಗಳಲ್ಲಿ ಸರಿಹೋದದ್ದನ್ನು ನೋಡಿದ್ದೇನೆ, ಸರಿಹೋಗದವರನ್ನೂ ನೋಡಿದ್ದೇನೆ. ಯಾವುದೆಂದು ಹೇಳಬೇಕಾದವರು ನರರೋಗದ ವೈದ್ಯರು, ನಾನಲ್ಲ. ನಮ್ಮ ವಿಭಾಗದ ಹಿರಿಯರ ಹತ್ತಿರ ಹೆಸರು ಹೇಳದೆ ವಿಷಯ ತೆಗೆದೆ. "ಯಾರಮ್ಮ ಅದು" ಅಂದವರು ನನ್ನ ಮುಖ ನೋಡಿದರು. "ಮೊದ್ಲು ಕೆಳಗಿಳಿಸು, ಉಳಿದದ್ದು ಆಮೇಲೆ" ಎಂದಷ್ಟೇ ಹೇಳಿದರು.

ಇಳಿಯಿರಿ ಎಂದು ನಿಮಗೆ ಹೇಳುವುದೆಂದರೆ ಏನೆಂದು ನನಗೆ ತಿಳಿಯದೇ? ಒಂದು ಸಲ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿದ್ದಿರಿ. ಅರ್ಧ ಏಣಿಯಲ್ಲೇ ನಾನು ಅತ್ತುಬಿಟ್ಟಿದ್ದೆ. ಕ್ಯಾಬಿನ್ ಸೇರಿ ಉಸಿರು ತಿರುಗಿದ ಮೇಲೆ ನಿಮ್ಮ ಮುಖ ನೋಡಿದೆ. ಅಂಥ ಮುಖವನ್ನು ನಮ್ಮ ಮದುವೆಯ ದಿನವೂ ನಾನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಆ ಜಾಗವನ್ನು ಬಿಡಿ ಎಂದು ಹೇಳುವ ಕರ್ಮ ನನಗೇ ಬರಬೇಕಿತ್ತೇ ಎಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಹೊರಗೆ ಬಂದಾಗ ಅತ್ತೆ ಏನೂ ಕೇಳದೆ ಟವೆಲ್ ಕೊಟ್ಟರು. ಅತ್ತೆ ಏನೂ ಕೇಳದೆ ಬಿಟ್ಟದ್ದು ಈ ಮನೆಯಲ್ಲಿ ಇದೇ ಮೊದಲು.

ವಾರ್ಷಿಕ ತಪಾಸಣೆಗೆಂದು ಕ್ರೇನು ನಿಲ್ಲಿಸಿದ್ದಾರೆ, ಸೋಮವಾರದವರೆಗೆ ಕೆಲಸವಿಲ್ಲ, "ಹಾಯಾಗಿ ಮಲಗ್ತೀನಿ" ಎಂದು ನೀವು ನಿನ್ನೆ ಹೇಳಿದಿರಿ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಸೋಮವಾರ ಹತ್ತಬೇಡಿ. ರೈಲು ಹಿಡಿದು ಮನೆಗೆ ಬನ್ನಿ. ವೈದ್ಯರ ಹತ್ತಿರ ಮಂಗಳವಾರಕ್ಕೆ ಹೆಸರು ಬರೆಸಿದ್ದೇನೆ, ಜೊತೆಗೆ ನಾನೂ ಬರುತ್ತೇನೆ. ಅವರು ಏನೇ ಹೇಳಲಿ, ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಸ್ವೆಟರ್ ಹಾಕಿಕೊಳ್ಳದೆ ತಿರುಗುತ್ತಾನೆ, ಬೈದು ಬರಿ ಎಂದೂ ಹೇಳಿದ್ದಾರೆ, ಬೈದದ್ದಾಯಿತು ಎಂದುಕೊಳ್ಳಿ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ, ಅದರ ಹಿಂದೆ ಹೊಸ ಹೆಡ್‌ಫೋನಿನ ಅರ್ಜಿಯೂ ಇದೆ. ಮೈ ಜೋಪಾನ.

ನಿಮ್ಮ
ಡಾಕ್ಟ್ರಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ನಿಮ್ಮ ಸೈಟ್ ಇಂಜಿನಿಯರಿಗೂ ಒಂದು ಪತ್ರ ಬರೆದಿದ್ದೇನೆ. ಅದರಲ್ಲಿ ನನ್ನ ಪರೀಕ್ಷೆಯ ಸುದ್ದಿಯಿಲ್ಲ. ನನ್ನ ಗಂಡನ ತಲೆಗೆ ಪೆಟ್ಟಾಗಿದೆ, ವೈದ್ಯರು ನೋಡುವವರೆಗೆ ಮೇಲೆ ಹತ್ತಿಸಬೇಡಿ ಎಂದಷ್ಟೇ ಇದೆ. ಎರಡನ್ನೂ ಈಗ ಒಟ್ಟಿಗೇ ಅಂಚೆಗೆ ಹಾಕುತ್ತೇನೆ. ನಿಮ್ಮದು ಶುಕ್ರವಾರ ನಿಮ್ಮ ಕೋಣೆಗೆ ಬರುತ್ತದೆ. ಅವರದನ್ನು ಸೋಮವಾರದವರೆಗೆ ಮುಚ್ಚಿರುವ ಆಫೀಸಿನ ವಿಳಾಸಕ್ಕೆ ಬರೆದಿದ್ದೇನೆ, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಒಡೆಯುತ್ತಾರೆ. ಸೇರಿತೋ ಇಲ್ಲವೋ ಎಂದು ಬಾಗಿಲು ತೆಗೆಯುವ ಹೊತ್ತಿಗೆ ಫೋನು ಮಾಡಿ ಕೇಳುತ್ತೇನೆ. ನಡುವಿನ ದಿನಗಳು ನಿಮ್ಮವು. ನೀವೇ ಅವರ ಮನೆಗೆ ಹೋಗಿ ಹೇಳಿದರೆ ಇಳಿದವರು ನೀವು. ಹೇಳದಿದ್ದರೆ ಇಳಿಸಿದವಳು ನಾನು. ಅದಕ್ಕಾಗಿ ಜನ್ಮವಿಡೀ ನನ್ನ ಜೊತೆ ಮಾತು ಬಿಟ್ಟರೂ ಹೇಗೋ ತಡೆದುಕೊಂಡೇನು. ಮೋಟಣ್ಣನ ಹೆಂಡತಿಗೆ ಮುಖ ತೋರಿಸಲಾಗದ ಹಾಗೆ ಬದುಕುವುದು ನನ್ನಿಂದ ಆಗದು. ಶನಿವಾರ ಇಂಜಿನಿಯರರ ಮನೆಗೆ ಹೋಗಿ, ರೀ.