ನನಗಿಡುತ್ತಿದ್ದ ಎಡೆ

ಶ್ರೀರಂಗಪಟ್ಟಣ, ಸಿದ್ಧಾರ್ಥಿ ಸಂವತ್ಸರ

ನಮ್ಮ ವಂಶಾವಳಿ ಹೇಳುವ ಹೆಳವರ ಕೆಂಚಯ್ಯನವರಿಗೆ ಶರಣು.

ಮಗಳ ಮದುವೆಗೆಂದು ನನ್ನ ತವರಿನ ವಂಶ ಹೇಳಿಸಿದಾಗ, “ಚಿಕ್ಕಬೋರವ್ವ ದಂಡು ಬಂದಾಗ್ಲೇ ಸತ್ತೋಗವ್ಳೆ ಕಣವ್ವ” ಅಂದಿರಿ. ನಾನೇ ಅವಳು ಅಂದರೆ ನಕ್ಕಿರಿ.

ಎಂಟು ವರ್ಷದ ಹಿಂದೆ ದಂಡಿಗೆ ಹೆದರಿ, ಮಗಳನ್ನು ಎತ್ತಿಕೊಂಡು ಇಲ್ಲಿಗೆ ಓಡಿಬಂದೆ. ಅಣ್ಣ ನನ್ನ ತಿಥಿ ಮಾಡಿದನೆಂದು ಆಮೇಲೆ ತಿಳಿಯಿತು. ತಿಥಿಯಾದವಳು ತವರು ಮೆಟ್ಟಬಾರದೆಂದು ಹೋಗಲಿಲ್ಲ. ಆದರೆ ಪ್ರತಿ ಮಹಾಲಯಕ್ಕೆ ಅವನು ನನಗೆ ಎಡೆಯಿಡುವ ಹೊತ್ತಿಗೆ, ಉಪವಾಸವಿದ್ದರೂ ನನ್ನ ಹೊಟ್ಟೆ ತುಂಬುತ್ತಿತ್ತು. ಬಾಯಲ್ಲಿ ಅತ್ತಿಗೆ ಮಾಡುವ ಎಳ್ಳುಂಡೆಯ ರುಚಿ ಇರುತ್ತಿತ್ತು. ಚೆಲುವರಾಯಸ್ವಾಮಿಯಾಣೆಗೂ ಸುಳ್ಳಲ್ಲ.

ಈ ವರ್ಷ ಹಸಿವಾಯಿತು. ಸಂಜೆಯವರೆಗೂ ಕಾದೆ.

ನಿಮ್ಮ ಪಟ್ಟಿಯಲ್ಲಿ ನಾನು ಸತ್ತವಳಾಗಿಯೇ ಇರಲಿ. ಬಿಂಡಿಗನವಿಲೆಗೆ ಹೋಗಿ, ಅಣ್ಣನ ಮನೆಯಲ್ಲಿ ಯಾರಾದರೂ ಇದ್ದಾರೆಯೇ ನೋಡಿ ತಿಳಿಸಿ.

ಇಂತಿ,
ಮರಿಸ್ವಾಮಿಯ ತಂಗಿ ಚಿಕ್ಕಬೋರಮ್ಮ